ಕೆಂಪು ತಗಡಿನ ದಿನ

ನನ್ನ ಗಂಡನ ಹೆಸರು ಭರಮಪ್ಪ. ನೋಡ್ರಿ, ಎಷ್ಟ ಸಲೀಸ ಹೇಳಿದ್ನಿ! ಈಗ ಹೇಳತೇನಿ. ಆದ್ರ ಲಗ್ನ ಆಗಿ ಒಂಬತ್ತ ವರ್ಷ ಆ ಹೆಸರು ನನ್ನ ನಾಲಿಗಿ ಮ್ಯಾಲ ಬಂದಿರಲಿಲ್ಲ. ರೇಶನ್ ಅಂಗಡ್ಯಾಗ ಕೇಳಿದ್ರ ಬಾಜೂದಾಕಿ ಹೇಳ್ತಿದ್ಲು, ಓಟಿನ ಪಟ್ಟಿ ಬರಿಯಾವ ಕೇಳಿದ್ರ ನಮ್ಮ ಅತ್ತಿ ಹೇಳ್ತಿದ್ಲು. ನಮ್ಮ ಕಡೆ ಹೆಂಡತಿ ಬಾಯಾಗ ಗಂಡನ ಹೆಸರು ಬಂದ್ರ ಅವನ ಆಯುಷ್ಯ ಕಡಿಮಿ ಆಗತೈತಿ ಅಂತಾರ. ಒಡಪು ಕಟ್ಟಿ ಹೇಳಿದ್ರ ಮಾತ್ರ ಅಡ್ಡಿ ಇಲ್ಲ. ಲಗ್ನದ ದಿನ ಹೊಸ್ತಿಲದಾಗ ನಿಲ್ಲಿಸಿ ಕಾಡಿದಾಗ ನಾನೂ ಒಂದ ಹೇಳಿದ್ನಿ: “ಮಲಪ್ರಭಾ ಹೊಳಿ ತುಂಬಿ ಹರದೈತಿ, ದಂಡಿಗೆ ಹಸರ ಜ್ವಾಳ, ಭರಮಪ್ಪನ ಹೆಸರ ಹೇಳೇನಿ, ದಾರಿ ಬಿಡ್ರಿ ನಾದಿನಿಗೋಳ.” ಮಂದಿ ನಕ್ಕರು, ದಾರಿ ಬಿಟ್ಟರು. ಅದ ಮೊದಲು, ಅದ ಕಡೀದು ಅಂದ್ಕೊಂಡಿದ್ನಿ.

ಎಪ್ಪತ್ತೊಂದನೇ ಇಸವಿ. ಬೈಲಹೊಂಗಲದಿಂದ ಸವದತ್ತಿಗೆ ಹೋಗೋ ಸಡಕಿನ ಬಾಜೂಕ, ನಮ್ಮೂರ ಹೊರಗ, ಮಿಲ್ಟ್ರಿಯವರು ಒಂದು ಡಿಪೋ ಹಾಕಿದ್ರು. ಸುತ್ತಲೂ ಮುಳ್ಳತಂತಿ, ನಡುವ ತಗಡಿನ ಗೋದಾಮು, ಹಿಂದಿನ ಬೇಲಿ ಹತ್ರ ಸಾಲ ಹಿಡದು ಪೆಟ್ರೋಲಿನ ಪೀಪಾಯಿ. ಒಳಗ ಬಾವಿ ತೋಡಿದ್ರ ಕಲ್ಲ ಹತ್ತಿತು, ನೀರ ಹತ್ತಲಿಲ್ಲ. ಹಂಗಾಗಿ ಸಡಕಿನ ಆಚೆ ಇದ್ದ ಬಾವಿಯಿಂದ ಒಂಟೆತ್ತಿನ ಗಾಡಿ ಮ್ಯಾಲ ನೀರ ತಂದು ಟಾಕಿ ತುಂಬೋ ಕೆಲಸ ನಂದು. ದಿನಕ್ಕ ಎಂಟ ಗಾಡಿ. ಮೊದಲಿನ ನಾಕ ಕುಡ್ಯಾಕ, ಅಡಗೀಗೆ. ಕಡೀ ನಾಕ ಬೆಂಕಿ ಟಾಕೀಗೆ, ಅಂದ್ರ ಬೆಂಕಿ ಬಿದ್ರ ಆರಿಸಾಕಂತ ಪೆಟ್ರೋಲ ಪೀಪಾಯಿ ಹತ್ರ ಇಟ್ಟಿದ್ದ ಟಾಕೀಗೆ; ಅದು ಸೋರತಿತ್ತು, ದಿನಾ ತುಂಬಬೇಕಿತ್ತು. ಊರಾಗಿನ ಬಾವಿಕಟ್ಟಿ ಮುಟ್ಟಾಕ ನಮ್ಮ ಕೇರಿಯವರಿಗೆ ಬಿಡ್ತಿರಲಿಲ್ಲ. ಡಿಪೋದಾಗ ಕ್ಯಾಪ್ಟನ್ ಸಾಹೇಬನಿಂದ ಹಿಡದು ಅಡಗೀಯವನ ತನಕ ಎಲ್ಲಾರೂ ನಾ ತಂದ ನೀರ ಕುಡೀತಿದ್ರು. ಆ ಕೆಲಸ ಅಂದ್ರ ನನಗ ಭಾಳ ಅಭಿಮಾನ. ಯಾರರ “ನೀರಿನ ಕೃಷ್ಣವ್ವ” ಅಂದ್ರ, “ಮಿಲ್ಟ್ರಿ ನೀರಿನ ಕೃಷ್ಣವ್ವ ಅನ್ರಿ” ಅಂತಿದ್ನಿ.

ನಮ್ಮವರೂ ಸಿಪಾಯಿ. ಅಕ್ಟೋಬರದಾಗ ರಜಾ ಮುರದು ಕರಸ್ಕೊಂಡ್ರು, ಪೂರ್ವ ಬಂಗಾಲದ ಗಡಿಗೆ ಹಾಕಿದ್ರು. ನವೆಂಬರದಾಗ ಒಂದ ಕಾಗದ ಬಂತು, ಆಮ್ಯಾಲ ಸುದ್ದಿ ಇಲ್ಲ. ಮನ್ಯಾಗ ನಾನು, ನಮ್ಮ ಅತ್ತಿ ಸುಂದರವ್ವ, ಇಬ್ಬರ. ಇಬ್ಬರೂ ಅವರ ಮಾತ ಎತ್ತತಿರಲಿಲ್ಲ, ಎತ್ತಿದ್ರ ಅಳೂ ಬರತೈತಿ ಅಂತ.

ಡಿಪೋದ ಗೇಟಿನ ಮ್ಯಾಲ ಒಂದು ಕೊಂಡಿ ಇತ್ತು. ಆ ಕೊಂಡಿಗೆ ಒಂದು ದುಂಡನ ತಗಡ ತೂಗಹಾಕತಿದ್ರು. ಬಿಳಿ ತಗಡ ಇದ್ರ ಕಾಳಜಿ ಇಲ್ಲ. ಕೊರಳಾಗಿನ ನಂಬರ ಬಿಲ್ಲಿ ತೋರಿಸಿದ್ರ ಆತು, “ಉಂಡೇನಬೇ ಕೃಷ್ಣವ್ವಾ?” ಅಂತ ಕೇಳಿ ಬಿಡ್ತಿದ್ರು. ಹಳದಿ ತಗಡ ಬಿತ್ತಂದ್ರ ಗೇಟಿನ್ಯಾಗ ಇಬ್ಬರು ಸಿಪಾಯಿ. ಗಾಡಿ ಕೆಳಗ ಬಗ್ಗಿ ನೋಡ್ತಿದ್ರು, ನೀರಿನ ಪೀಪಾಯಿಯೊಳಗ ಬಿದರಿನ ಕೋಲ ಹಾಕಿ ತಿರುವತಿದ್ರು, ಹೋದದ್ದು ಬಂದದ್ದು ಬರಕೊಂತಿದ್ರು. ಸಂಜಿ ಆದ್ರ ದೀಪ ಕಾಣಂಗಿಲ್ಲ.

ಕೆಂಪು ಬಿತ್ತಂದ್ರ ಮುಗೀತು. ಮರಳಚೀಲದ ಹಿಂದ ಒಬ್ಬ ಬಂದೂಕಕ್ಕ ಗುಂಡ ತುಂಬಿ ಗುರಿ ಹಿಡದು ಕುಂದರತಿದ್ದ. ಬಿಲ್ಲಿ ಗಿಲ್ಲಿ ನಡ್ಯಂಗಿಲ್ಲ, ಗುರ್ತಿನ ಮುಖ ನಡ್ಯಂಗಿಲ್ಲ. ಆ ದಿನದ ಗುಟ್ಟಿನ ಮಾತು ಒಂದ ಇರತಿತ್ತು, ಅದನ್ನ ಪಹರೇದವನ ಕಿವ್ಯಾಗ ಹೇಳಿದ್ರ ಒಳಗ. ಇಲ್ಲಂದ್ರ ಹೊರಗ. ಒಬ್ಬೊಬ್ಬರ ಹೇಳಬೇಕು, ಪ್ರತಿ ಸಲ ಬಂದಾಗೂ ಹೇಳಬೇಕು. ಗದ್ದಲ ಆತು, ಬೆಂಕಿ ಬಿತ್ತು ಅಂದ್ರ ಗೇಟು ಇನ್ನೂ ಬಿಗಿ ಮಾಡಬೇಕು, ಯಾಕಂದ್ರ ವೈರಿ ಮೊದಲ ಗದ್ದಲ ಎಬ್ಬಸ್ತಾನ, ಆಮ್ಯಾಲ ಅದರಾಗ ಹೊಕ್ಕಾನ. ಇದನ್ನೆಲ್ಲಾ ಕ್ಯಾಪ್ಟನ್ ಸಾಹೇಬ ಹಿಂದೀದಾಗ ಹೇಳಿದ್ದ. ನಮಗ ತಿಳೀಲಿ ಅಂತ ಹವಾಲ್ದಾರ ಜಟ್ಟೆಪ್ಪ ಕನ್ನಡದಾಗ ಹೇಳಿದ: “ಬಿಳಿಯಾಗ ನಂಬಿ ನೋಡೂದು, ಹಳದ್ಯಾಗ ನೋಡಿ ನಂಬೂದು, ಕೆಂಪಿನ್ಯಾಗ ನಮ್ಮಪ್ಪ ಬಂದ್ರೂ ನಂಬಬಾರದು.”

ಈ ಜಟ್ಟೆಪ್ಪ ಮನೋಳಿಯಾವ, ನನ್ನ ತವರಿನಾವ. ಸಣ್ಣಾಕಿ ಇದ್ದಾಗಿಂದ ಅಣ್ಣಾ ಅಂತೇನಿ. ನನ್ನ ಲಗ್ನದಾಗ ಬುಂದೆ ಬಡಿಸಿದಾವ. ಮನಷಾ ಬಂಗಾರ, ಆದ್ರ ರೂಲು ಅಂದ್ರ ಕಲ್ಲ.

ಡಿಸೆಂಬರ ಮೂರಕ್ಕ ಲಡಾಯಿ ಸುರು ಆತು. ಮರುದಿನ ಮುಂಜಾನೆ ಕೆಂಪು ತಗಡ ಬಿತ್ತು. ಮೊದಮೊದಲ ಸಾಹೇಬ ಹಿಂದೀ ಮಾತ ಇಡ್ತಿದ್ದ. ಅಡಗೀ ಮನ್ಯಾಗ ಕೆಲಸ ಮಾಡೋ ಶೆಟ್ಟೆವ್ವಗ ಅವು ನಾಲಿಗೀಗೆ ಹೊಳ್ಳತಿರಲಿಲ್ಲ. ಎರಡ ದಿನ ಆಕೀನ್ನ ತಾಸಗಟ್ಟಲೆ ಗೇಟಿನ ಹೊರಗ ಬಿಸಲಾಗ ಕುಂದರಿಸಿದ್ರು, ಒಳಗ ಸಿಪಾಯಿಗಳಿಗೆ ಊಟ ತಡಾ ಆತು. ಸಾಹೇಬ ಜಟ್ಟೆಪ್ಪನ್ನ ಕರದು, “ಈ ಮಂದಿಗೆ ಬರೋವಂಥ ಸಾದಾ ಹೆಸರು ಒಂದಿಪ್ಪತ್ತು ಬರಕೊಡು” ಅಂದ. ಜಟ್ಟೆಪ್ಪ ಕುಂತಲ್ಲೇ ಬರಕೊಟ್ಟ: ಊರ ಗಂಡಸರ ಹೆಸರ ಎಲ್ಲಾ. ಗಂಡಸು ನೋಡ್ರಿ, ಅವನ ಬಾಯಿಗೆ ಯಾವ ಹೆಸರಿಗೂ ಬೀಗ ಇಲ್ಲ. ಈ ಇಪ್ಪತ್ತ ಹೆಸರಿನಾಗ ಒಂದ ಹೆಸರ ಒಬ್ಬಾಕಿ ಹೇಳಂಗಿಲ್ಲ ಅನ್ನೋದು ಆ ಮೂಳನ ತಲ್ಯಾಗ ಹೊಳೀಲೇ ಇಲ್ಲ.

ಹತ್ತನೇ ತಾರೀಖು, ಶುಕ್ರವಾರ. ಗೇಟಿನ್ಯಾಗ ನಿನ್ನಿ ಗುಟ್ಟಿನ ಮಾತ ಹೇಳಿ ಒಳಗ ಬಂದು ಹಾಜರಿಗೆ ನಿಂತಿದ್ವಿ. ಜಟ್ಟೆಪ್ಪ ಸಾಲ ಹಿಡದು ಒಬ್ಬೊಬ್ಬರ ಕಿವ್ಯಾಗ ಇವತ್ತಿನ ಮಾತ ಹೇಳಕೋಂತ ಬಂದ. ನನ್ನ ಕಿವ್ಯಾಗ “ಭರಮಪ್ಪ” ಅಂದು ಮುಂದ ನಡದ. ಒದರಿ ಹೇಳಬೇಕಂದ್ರ ಸಾಲಿನ್ಯಾಗ ಮಾತಾಡಂಗಿಲ್ಲ, ಹೇಳಿದ್ರೂ ಏನಂತ ಹೇಳಲಿ? ಗಂಡ ಗುಂಡಿನ ಮುಂದ ನಿಂತಾನ. ಇಂಥಾ ಹೊತ್ತಿನ್ಯಾಗ ನಾ ಆ ಹೆಸರ ಬಾಯಿ ಬಿಟ್ಟು ಅವರ ಆಯುಷ್ಯಕ್ಕ ನಾನ ಕೊಡಲಿ ಹಾಕಲೇನ? ಸತ್ತರೂ ಹೇಳಂಗಿಲ್ಲ ಅಂತ ಗಟ್ಟಿ ಮಾಡಿದ್ನಿ.

ಶೆಟ್ಟೆವ್ವನ ಕೈ ಹಿಡದ್ನಿ. “ಯಕ್ಕಾ, ಇವತ್ತೊಂದಿನ ಗಾಡಿ ನೀ ಹೊಡಿ, ನಿನ್ನ ಹಿಟ್ಟ ನಾ ನಾದತೇನಿ.” ಕಾರಣ ಹೇಳಿದ ಕೂಡಲೇ ಆಕಿ ಎದಿ ಮ್ಯಾಲ ಕೈ ಇಟ್ಕೊಂಡು, “ಅಯ್ಯ ಶಿವನ! ಹೇಳಬ್ಯಾಡಬೇ, ಹೇಳಬ್ಯಾಡ” ಅಂದ್ಲು. ಗಾಡಿ ಹೊಡದ್ಲು. ಆದ್ರ ಆ ಎತ್ತು ನನ್ನ ದನಿಗೆ ಹೊಂದಿದ್ದು, ಆಕಿ ಮಾತ ಕೇಳತಿರಲಿಲ್ಲ. ಮಧ್ಯಾಹ್ನ ಮೂರಕ್ಕ ನಾಕ ಗಾಡಿ ಅಷ್ಟ ಬಂದಿದ್ವು. ಕುಡಿಯೋ ನೀರಿಗೆ ಅಡ್ಡಿ ಆಗಲಿಲ್ಲ. ಬೆಂಕಿ ಟಾಕಿ ಮಾತ್ರ ತಳ ಕಾಣತಿತ್ತು. ಅಷ್ಟರಾಗ ಅಡಗೀಯಾವ ಶೆಟ್ಟೆವ್ವನ್ನ ಒದರಿ ಕರದ, ಆಕಿ ಹೋದ್ಲು.

ಒಂದಿನ ಬೆಂಕಿ ಟಾಕಿ ಖಾಲಿ ಇದ್ರ ಏನಾತು ಅಂತ ಮೊದಲ ಅಂದ್ಕೊಂಡ್ನಿ. ಸುಳ್ಳ ಯಾಕ ಹೇಳಲಿ, ಅಂದ್ಕೊಂಡ್ನಿ. ಆಮ್ಯಾಲ ಮನಸ್ಸ ತಡೀಲಿಲ್ಲ. ನಾಕಕ್ಕ ಜಟ್ಟೆಪ್ಪ ಗೇಟಿನ ಪಹರೇಕ್ಕ ನಿಂದರತಾನ, ನಮ್ಮ ಅಣ್ಣ, ಅವಂಗ ತಿಳೀತೈತಿ, ಬಿಡ್ತಾನ ಅಂತ ಲೆಕ್ಕ ಹಾಕಿ ಮೂರೂವರಿಗೆ ಗಾಡಿ ಹೂಡಿಕೊಂಡು ಹೊರಗ ಬಿದ್ನಿ. ಹೋಗೋವರಿಗೆ ಮಾತ ಕೇಳ್ತಿರಲಿಲ್ಲ. ಪೀಪಾಯಿ ತುಂಬಿಸಿ ನಾಕ ಹೊಡದ ಮ್ಯಾಲ ತಿರುಗಿ ಬಂದ್ನಿ.

“ಥಮ್! ಕೌನ್ ಆತಾ ಹೈ?” ಜಟ್ಟೆಪ್ಪನ ದನಿ.

“ನಾನ ಅಣ್ಣಾ, ಕೃಷ್ಣವ್ವ.”

“ಮುಂದ ಬಾ. ಮಾತ ಹೇಳು.”

“ಅಣ್ಣಾ, ಇವತ್ತಿನ ಮಾತ ಏನೈತಿ ಸ್ವಲ್ಪ ನೆನಸ್ಕೋ. ನನ್ನ ಲಗ್ನಕ್ಕ ಬಂದಿದ್ದಿ. ಅದನ್ನೂ ನೆನಸ್ಕೋ.”

ಜಟ್ಟೆಪ್ಪ ಹಣಿ ಬಡಕೊಂಡ. “ಎಪ್ಪಾ! ಪಟ್ಟಿ ಬರದಾವ ನಾನ. ನನ್ನ ತಲೀಗೆ ಹೊಳೀಲಿಲ್ಲ ತಂಗೀ.”

“ಹೊಳದಿದ್ರ ನೀ ಗಂಡಸರ ಹೆಂಗ ಆಕ್ಕಿದ್ದಿ? ಆತ, ಹೋದದ್ದ ಹೋತು. ಗೇಟ ತಗಿ.”

“ತಗ್ಯಾಕ ಬರಂಗಿಲ್ಲ.”

“ಒಡಪ ಕಟ್ಟಿ ಹೇಳ್ಲೇನ? ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ.”

“ಒಡಪ ಹಾಡಿದ್ರ ಹೊಲದಾಗಿನ ಮಂದೀಗೆಲ್ಲಾ ಕೇಳತೈತಿ. ಗುಟ್ಟ ಎಲ್ಲಿ ಉಳೀತು? ಬರೇ ಮಾತು, ನನ್ನ ಕಿವ್ಯಾಗ. ಹಿಂದ ಒಂದ ಅಕ್ಷರ ಇಲ್ಲ, ಮುಂದ ಒಂದ ಅಕ್ಷರ ಇಲ್ಲ.”

“ನಾ ಯಾರ ಅಂತ ನಿನಗ ಗೊತ್ತಿಲ್ಲೇನ?”

“ಗೊತ್ತೈತಿ,” ಅಂದ. “ಇವತ್ತ ಗುರ್ತ ಹಿಡದು ನಿನ್ನ ಬಿಟ್ರ, ನಾಳೆ ಇನ್ನೊಬ್ಬ ಪಹರೇದಾವ ತನ್ನ ಗುರ್ತಿನಾವನ್ನ ಬಿಡತಾನ. ನಾಡದ ಯಾರ ಒಳಗ ಬರತಾರ? ನಿನ್ನ ಗಂಡಗ ಹೋಗೋ ಪೆಟ್ರೋಲು ಇಲ್ಲೈತಿ, ತಂಗೀ. ಮನೀಗೆ ಹೋಗು. ನಾಳೆ ಬ್ಯಾರೆ ಮಾತು.”

ನನಗ ಸಿಟ್ಟ ನೆತ್ತಿಗೇರಿತು. ನಿನ್ನ ಕೈಯಾಗ ಬಂದೂಕ ಕೊಟ್ಟವರಿಗೆ ಬುದ್ಧಿ ಇಲ್ಲ, ನೀ ಅಣ್ಣ ಅಲ್ಲ, ಇನ್ನ ಮನೋಳಿಗೆ ಹೋದ್ರ ನಿನ್ನ ಬಾಗಲಾ ತುಳ್ಯಂಗಿಲ್ಲ ಅಂತ ಬಾಯಿಗೆ ಬಂದಂಗ ಬೈದ್ನಿ. ಬೈಕೋಂತ ಎತ್ತ ತಿರುಗಿಸಿದ್ನಿ, ಆಗ ಹೊಗಿ ಕಂಡಿತು.

ಡಿಪೋದ ಹಿಂದ ಬಾಳೂನ ಬೆಲ್ಲದ ಗಾಣ ಇತ್ತು. ಕೆಂಪು ತಗಡ ಇದ್ದಾಗ ಸಂಜಿ ಮುಂದ ಗಾಣದ ಒಲಿ ಆರಿಸಬೇಕು, ಮ್ಯಾಲಿಂದ ವಿಮಾನಕ್ಕ ಬೆಂಕಿ ಕಾಣಬಾರದು ಅಂತ ಹುಕುಂ. ಬಾಳೂ ಆ ದಿನ ಹುಕುಂ ಮೀರಬಾರದಂತ ಅವಸರ ಮಾಡಿ, ಒಲ್ಯಾಗಿನ ಕೆಂಡ ಎಲ್ಲಾ ಹೊರಗ ಎಳದು ಹಾಕ್ಯಾನ, ಮ್ಯಾಲ ನಾಕ ಕೊಡ ನೀರ ಹಾಕಿ ಬೆನ್ನ ತಿರುವ್ಯಾನ. ಡಿಸೆಂಬರದ ಗಾಳಿ. ಕೆಂಡ ಕರಡಕ್ಕ ಹತ್ತಿತು. ಒಣಗಿದ ಕರಡ ಅಂದ್ರ ಗೊತ್ತಲ್ರಿ, ಎದಿಮಟ ಬೆಳದ ಹುಲ್ಲು, ಕಡ್ಡಿ ತೋರಿಸಿದ್ರ ಸಾಕು. ಬೆಂಕಿ ಸೀದಾ ಬೇಲಿ ಕಡೆ ನಡದಿತ್ತು. ಬೇಲಿ ಒಳಗ ಪೀಪಾಯಿ ಸಾಲ.

ಜಟ್ಟೆಪ್ಪ ಗಂಟಿ ಹೊಡದ. ಒಳಗ ಬೂಟಿನ ಸಪ್ಪಳ, ಓಡೋ ಸಪ್ಪಳ. ರೂಲಿನಂಗ ಗೇಟಿಗೆ ಇನ್ನೊಂದು ಕಬ್ಬಿಣದ ಪಟ್ಟಿ ಅಡ್ಡ ಬಿತ್ತು. ಆಮ್ಯಾಲ ಒಳಗಿಂದ ಯಾವನೋ ಒದರಿದ್ದು ಕೇಳಿಸಿತು: “ಟಾಕಿ ಖಾಲಿ ಐತಿ! ಪಾನೀ ನಹೀ ಹೈ!”

ಆ ದನಿ ಇವತ್ತಿಗೂ ನನ್ನ ಕಿವ್ಯಾಗ ಐತಿ. ಟಾಕಿ ಖಾಲಿ ಮಾಡಿದಾಕಿ ನಾ. ಮನೀಗೆ ಬೆಂಕಿ ಬಿದ್ದಾಗ ಬಾವಿ ತೋಡಿದ್ರಂತ, ನಾನಂತೂ ಸೇದಿದ ನೀರನ್ನೂ ಗೇಟಿನ ಹೊರಗ ಇಟ್ಕೊಂಡು ನಿಂತಿದ್ನಿ. ಒಳಗ ನಲವತ್ತ ಮಂದಿ ಗಂಡಸರಿದ್ರು. ಶೆಟ್ಟೆವ್ವ ಇದ್ಲು. ಆ ಸಿಪಾಯಿಗಳಿಗೂ ಎಲ್ಲೋ ಒಬ್ಬೊಬ್ಬಾಕಿ ಹೆಂಡತಿ ಇದ್ದಾಳು, ಆಕೀನೂ ಅವರ ಹೆಸರ ಬಾಯಾಗ ತರದ ಕಾಯಾಕ ಹತ್ಯಾಳು.

ಗಾಡಿ ತಿರುಗಿಸಿ ಗೇಟಿಗೆ ಬಂದ್ನಿ. ಜಟ್ಟೆಪ್ಪ ಬಂದೂಕ ಎತ್ತಿದ.

“ಮಾತ ಹೇಳು, ತಂಗೀ. ನಿನ್ನ ಕಾಲ ಬೀಳತೇನಿ, ಹೇಳು.”

ಯವ್ವಾ, ಆಗ ನಮ್ಮವರ ಮುಖ ಕಣ್ಣ ಮುಂದ ಬಂತು. ರಜಾ ಮುರದು ಹೋಗೋವಾಗ ಸಡಕಿನ ತನಕ ಬಂದಿದ್ನಿ, ಬಸ್ಸಿನ ಕಿಡಕ್ಯಾಗಿಂದ ಕೈ ಮಾಡಿದ್ರು. ತಪ್ಪಾತು, ನನ್ನ ಆಯುಷ್ಯ ಎಷ್ಟೈತಿ ಅಷ್ಟೂ ನೀವು ತಗೋರಿ, ಅಂತ ಮನಸ್ಸಿನ್ಯಾಗ ಅಂದ್ಕೊಂಡ್ನಿ. ಜಟ್ಟೆಪ್ಪನ ಕಿವೀಗೆ ಬಾಯಿ ಹಚ್ಚಿದ್ನಿ.

“ಭರಮಪ್ಪ.”

ಪಟ್ಟಿ ಸರೀತು, ಗೇಟ ತಗೀತು. ಎತ್ತಿಗೆ ಬಾರಕೋಲ ತೋರಿಸಿ ಓಡಿಸಿದ್ನಿ. ಬೇಲಿ ಹತ್ರ ಹೋಗಿ ಪೀಪಾಯಿ ತೂಬು ಕಿತ್ನಿ. ಸಿಪಾಯಿಗಳು ಗೋಣಿಚೀಲ ತೊಯಿಸಿಕೊಂಡು ಬೇಲಿ ಮಗ್ಗಲದ ಹುಲ್ಲ ಬಡೀಲಿಕ್ಕೆ ಹತ್ತಿದ್ರು. ಒಂದ ಗಾಡಿ ನೀರು ಚಿಟಿಕಿ ಹೊಡ್ಯೋದರಾಗ ಮುಗೀತು. “ಔರ್ ಲಾವೋ!” ಅಂತ ಸಾಹೇಬ ಒದರಿದ.

ಒಂದ ಸಲ ಹೇಳಿದ್ರ ಮುಗೀತು ಅಂದ್ಕೊಂಡಿದ್ನಿ ನಾ. ಮುಗೀಲಿಲ್ಲ. ಎರಡನೇ ಗಾಡಿ ತಂದಾಗ ಜಟ್ಟೆಪ್ಪ ಮತ್ತ ಬಂದೂಕ ಹಿಡದ. ಕಣ್ಣಾಗ ನೀರ ಸುರ್ಯಾಕ ಹತ್ತಿತ್ತು ಅವಂಗ, ಹೊಗಿಗೋ ಏನ ಯಾತಕೋ. “ಮಾತು?” ಅಂದ. ಹೇಳಿದ್ನಿ. ಮೂರನೇ ಗಾಡೀಗೂ ಕೇಳಿದ, ಹೇಳಿದ್ನಿ. ನಾಕನೇದಕ್ಕ ನನಗ ಹಟ ಬಂತು. ಅವ ಕೇಳೋಕಿಂತ ಮೊದಲ ಹೇಳಿದ್ನಿ. ಏಳ ಗಾಡಿ ನೀರ ತಂದ್ನಿ, ಏಳ ಸಲ ಹೇಳಿದ್ನಿ. ಒಂಬತ್ತ ವರ್ಷ ಬಾಯಾಗ ಇಟ್ಕೊಂಡಿದ್ದು ಒಂದ ಸಂಜ್ಯಾಗ ಖಾಲಿ ಆತು. ಹೊರಗಿಂದ ಬಾಳೂ ಮತ್ತ ಊರ ಮಂದಿ ಹಸೀ ಟೊಂಗಿ ಹಿಡದು ಬಡದ್ರು, ಒಳಗಿಂದ ಸಿಪಾಯಿಗಳು ಬಡದ್ರು. ಬೇಲಿಗೆ ನಾಕ ಮಾರ ಇರೋವಾಗ ಬೆಂಕಿ ಆರಿತು. ಕೈ ನೋಡ್ಕೊಂಡ್ರ ಬಾವಿ ಹಗ್ಗದಿಂದ ತೊಗಲ ಕಿತ್ತ ಹೋಗಿತ್ತು.

ಸಾಹೇಬ ಕರಸಿದ. ಟಾಕಿ ಯಾಕ ಖಾಲಿ ಇತ್ತು ಅಂತ ಕೇಳಿದ. ನಾ ಸುಳ್ಳ ಹೇಳಲಿಲ್ಲ, ಜಟ್ಟೆಪ್ಪ ಅದನ್ನ ಹಿಂದೀದಾಗ ಹೇಳಿದ, ತಾನ ಪಟ್ಟಿ ಬರದದ್ದನ್ನೂ ಹೇಳಿದ. ಸಾಹೇಬ, “ರೂಲು ಮಾಡೋವಾಗ ನಿಮ್ಮನ್ನ ಕೇಳಬೇಕಿತ್ತು, ನನ್ನ ತಪ್ಪ” ಅಂದ. ಮರುದಿನದಿಂದ ಮಾತು ಅಂದ್ರ ಕಾಳು ಕಡಿ: ಜ್ವಾಳ, ಕಡ್ಲಿ, ಮಡಕಿ. ಪಟ್ಟಿ ಶೆಟ್ಟೆವ್ವ ಹೇಳಿದ್ಲು, ಜಟ್ಟೆಪ್ಪ ಬರದ.

ಶೆಟ್ಟೆವ್ವನ ಬಾಯಿ ಒಳ್ಳೇದು, ಆದ್ರ ಬಾಗಲಾ ಇಲ್ಲ. ಮೂರ ದಿನದಾಗ ಕೇರಿಗೆಲ್ಲಾ ಗೊತ್ತಾತು. ನೀರ ತರಾಕ ಹೋದ್ರ ಹೆಂಗಸರು ಮಾತ ನಿಲ್ಲಸ್ತಿದ್ರು. ಸತ್ಯವ್ವ ಅನ್ನಾಕಿ ನನಗ ಕೇಳೋವಂಗನ, “ಏಳ ಸಲ ಅಂತಬೇ, ಏಳ ಸಲ!” ಅಂದ್ಲು. ನಮ್ಮ ಅತ್ತಿ ಏನೂ ಅನ್ನಲಿಲ್ಲ. ಬೈದಿದ್ರ ಚಲೋ ಇತ್ತು. ಆಕಿ ಸುಮ್ಮನ ಇದ್ದದ್ದು ನನ್ನ ಸುಡತಿತ್ತು.

ಹದಿನಾರಕ್ಕ ಲಡಾಯಿ ಮುಗೀತು. ಡಿಪೋದಾಗ ಪೇಢೆ ಹಂಚಿದ್ರು. ಮುಂದ ಹಳದಿ ತಗಡ ಬಿತ್ತು, ಆಮ್ಯಾಲ ಬಿಳಿ. ನಮ್ಮ ಮನೀಗೆ ಕಾಗದ ಬರಲಿಲ್ಲ. ಜನವರಿ ಹದಿನೈದರ ಸುಮಾರಕ್ಕ ಜಟ್ಟೆಪ್ಪ ಅಂಚೆಯವನ ಕೈಯಾಗಿನ ಲಕೋಟಿ ಇಸ್ಕೊಂಡು ತಾನ ಮನೀತನಕ ಬಂದ. ಪುಣೆ ಮಿಲ್ಟ್ರಿ ದವಾಖಾನಿ ಕಾಗದ. ಜೀವಂತ ಅದಾರ ಅಂತ ಮೊದಲ ಓದಿದ. ಎಡಗಾಲ ಮೊಳಕಾಲ ಕೆಳಗ ಕತ್ತರಿಸ್ಯಾರ, ಮರದ ಕಾಲ ಕೂಡಸ್ತಾರ, ಮನಿ ಮಂದಿ ಬಂದ್ರ ಚಲೋ, ಅಂತ ಓದಿದ. ಮುಂದಿನ ಒಂದ ಸಾಲ ಓದದ ಕಾಗದ ಮಡಚಾಕ ಹತ್ತಿದ.

“ಏನ ಬಿಟ್ಟಿ? ಓದು,” ಅಂದ್ನಿ.

“ಏನಿಲ್ಲ, ತಾರೀಖ ಅಷ್ಟ.”

“ಯಾವ ತಾರೀಖ?”

“ಗಾಯ ಆದದ್ದು ಡಿಸೆಂಬರ ಹತ್ತು,” ಅಂದ.

ಜಟ್ಟೆಪ್ಪ ತಲಿ ತಗ್ಗಿಸಿ ಹೋದ. ನಾ ಮೂಲ್ಯಾಗ ಗ್ವಾಡೀಗೆ ಮುಖ ಮಾಡಿ ಕುಂತ್ನಿ. ಆ ದಿನ ಉಣ್ಣಲಿಲ್ಲ, ಮರುದಿನ ಉಣ್ಣಲಿಲ್ಲ. ಕಾಲ ಕಡದಾಕಿ ನಾ, ಏಳ ಏಟ ಹಾಕಿದಾಕಿ ನಾ, ಅಂತ ತಲ್ಯಾಗ ಅದೊಂದ ತಿರಗತಿತ್ತು. ಪುಣೆಕ್ಕ ಹೋಗಿ ಯಾವ ಮುಖ ತೋರಿಸಲಿ ಅವರಿಗೆ? ಅತ್ತಿ ಒಬ್ಬಾಕಿನ ಹೋಗಿ ಬರಲಿ, ನಾ ತವರಿಗೆ ಹೋಗತೇನಿ, ಅಂತ ಅರಿವಿ ಗಂಟ ಕಟ್ಟಾಕ ಹತ್ತಿದ್ನಿ.

ಅತ್ತಿ ಬಂದು ಆ ಗಂಟ ಕಸಗೊಂಡ್ಲು. ನನ್ನ ಮುಂದ ಚಕ್ಕಳಮಕ್ಕಳ ಹಾಕಿ ಕುಂತ್ಲು.

“ಕೃಷ್ಣೀ, ಅವನ್ನ ಹಡದಾಕಿ ಯಾರು?”

“ನೀವ ಅತ್ತಿ.”

“ಇಪ್ಪತ್ತ ವರ್ಷ ಊಟಕ್ಕ ಕರ್ಯಾಕ ಕೇರಿ ತುಂಬ ಭರಮ್ಯಾ, ಭರಮ್ಯಾ ಅಂತ ಒದರೇನಿ. ಹೊಳಿಗೆ ಹೋಗಿ ಈಸಾಡಿ ಬಂದ್ರ, ಭರಮ್ಯಾ ನಿನ್ನ ಹೆಣಾ ಎತ್ತಲಿ ಅಂತ ಬೈದೇನಿ. ದಿನಕ್ಕ ಇಪ್ಪತ್ತ ಸಲ. ಅವನ ಒಂದ ಕೂದಲ ಕೊಂಕಲಿಲ್ಲ. ಹಡದಾಕಿ ಬಾಯಿಗೆ ಸಾಯದಾವ ಹೆಂಡತಿ ಬಾಯಿಗೆ ಸಾಯತಾನೇನ?”

ನಾ ಅಳಾಕ ಸುರು ಮಾಡಿದ್ನಿ.

“ಇಷ್ಟ ದಿನ ಯಾಕ ಸುಮ್ಮನಿದ್ನಿ ಅಂದ್ರ, ನನಗೂ ಅಂಜಿಕಿ ಇತ್ತು,” ಅಂದ್ಲು. “ನಿನ್ನ ಮ್ಯಾಲ ಸಿಟ್ಟೂ ಇತ್ತು. ಯಾಕ ಸುಳ್ಳ ಹೇಳಲಿ? ರಾತ್ರಿ ಎಲ್ಲಾ ಕುಂತ ವಿಚಾರ ಮಾಡಿದ್ನಿ. ಅವನ ಕಾಲ ತಗದದ್ದು ಬಾಂಬು. ನೀ ಅಲ್ಲ. ನೀ ನೀರ ಹಾಕಿದ್ದಿ.”

ಸೆರಗಿಂದ ನನ್ನ ಮುಖ ಒರಸಿದ್ಲು, ಜೋರಲೆ, ಸಣ್ಣ ಹುಡುಗೀಗೆ ಒರಸಿದಂಗ.

“ಪುಣೆಕ್ಕ ಇಬ್ಬರೂ ಹೋಗೂಣು. ಅಲ್ಲೂ ಒಂದು ಗೇಟ ಇರತೈತಿ, ಬಂದೂಕಿನಾವ ನಿಂತಿರತಾನ, ಯಾರನ್ನ ನೋಡಬೇಕು ಅಂತಾನ. ನನ್ನ ಬಾಯಾಗ ಹಲ್ಲಿಲ್ಲ, ನಾ ಅಂದದ್ದು ಅವಂಗ ತಿಳ್ಯಂಗಿಲ್ಲ. ನೀ ಹೇಳು. ತಲಿ ಎತ್ತಿ ಹೇಳು.”

“ಹೂಂ,” ಅಂದ್ನಿ.

“ಹೂಂ ಅಲ್ಲ. ಈಗ ಹೇಳು, ನಾ ಕೇಳತೇನಿ.”

ಅತ್ತಿ ಕಣ್ಣಾಗ ಕಣ್ಣಿಟ್ಟು ಹೇಳಿದ್ನಿ. ಆಕಿ ಎದ್ದು ರೊಟ್ಟಿ ತಾಟ ತಂದು ನನ್ನ ಮುಂದ ಇಟ್ಲು.